ಪಿಂಚಣಿಯ ನೆನಪಿಗೊಂದು ಮಸೀದಿ

ನಿಮ್ಮ ಮನೆಯಲ್ಲಿ ಪಿಂಚಣಿ ಪಡೆಯುವ ಹಿರಿಯರಿದ್ದಾರೆಯೇ? ಹಾಗಿದ್ದರೆ ನವೆಂಬರ್ ತಿಂಗಳ ಗಡಿಬಿಡಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಅವರು ಇನ್ನೂ ಬದುಕಿದ್ದಾರೆ ಎಂಬುದನ್ನು ಬ್ಯಾಂಕಿಗೆ ರುಜುವಾತು ಮಾಡಿ ತೋರಿಸಬೇಕು. ನಮ್ಮ ಅಮ್ಮಿಗೆ ಬರುವುದು ಅಬ್ಬಾ ತೀರಿಕೊಂಡ ಮೇಲಿನ ಕುಟುಂಬ ಪಿಂಚಣಿ. ಅಬ್ಬಾ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಎರಡು ವರ್ಷದ ಹಿಂದೆ ಬೆರಳಚ್ಚಿನ ಯಂತ್ರ ಅಮ್ಮಿಯ ಬೆರಳನ್ನು ಒಪ್ಪಲೇ ಇಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿ, ರೊಟ್ಟಿ ತಟ್ಟಿ ಗೆರೆಗಳೆಲ್ಲ ಸವೆದುಹೋಗಿದ್ದವು. "ನಾನು ಬದುಕಿದ್ದೀನಿ ಅಂತ ನನ್ನ ಬಾಯಿಂದಲೇ ಹೇಳ್ತಿದ್ದೀನಲ್ಲಪ್ಪಾ, ಸಾಲದಾ?" ಎಂದು ಅಮ್ಮಿ ಆ ಹುಡುಗನನ್ನು ಕೇಳಿದರು. ಅವನು ನಕ್ಕ. ಅಮ್ಮಿ ನಗಲಿಲ್ಲ.

ಅಂದು ಆಟೋದಲ್ಲಿ ಮನೆಗೆ ಮರಳುವಾಗ ಅಮ್ಮಿ ಒಂದು ಹಳೆಯ ಮಾತು ತೆಗೆದರು. ನಮ್ಮ ಮನೆತನದಲ್ಲಿ ಹಿಂದೆ ಒಬ್ಬರಿಗೆ ವೆಲ್ಲೂರಿನಿಂದ ತನ್ಖಾ ಬರುತ್ತಿತ್ತಂತೆ. ಅವರು ಅಮ್ಮಿಯ ನಾನಿಯ ನಾನಿ. ಈ ಮಾತನ್ನು ನಾನು ಚಿಕ್ಕಂದಿನಲ್ಲೂ ಕೇಳಿದ್ದೆ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮ ದೊಡ್ಡ ಮಾಮುವಿಗೆ ಮಾತ್ರ ಇದು ಬಹಳ ಪ್ರಿಯವಾದ ವಿಷಯ. ವೆಲ್ಲೂರಿನಿಂದ ತನ್ಖಾ ಬರುತ್ತಿತ್ತು ಎಂದರೆ ನಾವು ಟಿಪ್ಪು ಸುಲ್ತಾನರ ವಂಶದವರೇ ಆಗಿರಬೇಕು ಎಂದು ಅವರು ಮದುವೆ ಮನೆಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ಅಮ್ಮಿಯ ಅಭಿಪ್ರಾಯ ಬೇರೆ: "ಅರಮನೇಲಿ ರೊಟ್ಟಿ ತಟ್ಟೋಳಿಗೂ ತನ್ಖಾ ಇರುತ್ತಲ್ಲ."

ಈ ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯುವ ಆಸೆ ನನ್ನಲ್ಲಿ ಹುಟ್ಟಿದ್ದು ಆಗ. ಕಳೆದ ಚಳಿಗಾಲದಲ್ಲಿ ನಮ್ಮವರಿಗೆ ಕೆಲಸದ ಮೇಲೆ ನಾಲ್ಕು ದಿನ ಕೋಲ್ಕತ್ತಾಕ್ಕೆ ಹೋಗಬೇಕಾಗಿ ಬಂತು. ನಾನೂ ಹೊರಟೆ.

ವೆಲ್ಲೂರಿನ ತನ್ಖಾಕ್ಕೂ ಕೋಲ್ಕತ್ತಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕಾಗಿ ನಮ್ಮ ಶ್ರೀರಂಗಪಟ್ಟಣಕ್ಕೇ ಮೊದಲು ಹೋಗಬೇಕು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಕೋಟೆಯಲ್ಲಿ ಹುತಾತ್ಮರಾದದ್ದು ನಿಮಗೆಲ್ಲ ಗೊತ್ತು. ಅದರ ಮರುದಿನದ ಕತೆ ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಆ ದಿನ ಅರಮನೆಯ ಜನಾನಾದಲ್ಲಿ ಹೈದರಲಿಯವರ ಮತ್ತು ಟಿಪ್ಪುವಿನ ಪರಿವಾರಕ್ಕೆ ಸೇರಿದ ಸುಮಾರು ಆರುನೂರು ಹೆಂಗಸರಿದ್ದರು. ಬೇಗಮರು, ವಿಧವೆಯರು, ಸಾಕಿ ಬೆಳೆಸಿದವರು, ಅಡುಗೆಯವರು, ದಾಸಿಯರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಜೊತೆಗೆ ಮಕ್ಕಳು. ಇವರನ್ನೆಲ್ಲ ಏನು ಮಾಡುವುದು ಎಂಬ ಪ್ರಶ್ನೆ ಈಸ್ಟ್ ಇಂಡಿಯಾ ಕಂಪೆನಿಯ ಮುಂದೆ ಬಂತು. 1799ರ ಜೂನ್ 22ರಂದು ಮೈಸೂರು ರಾಜ್ಯವನ್ನು ಹಂಚಿಕೊಳ್ಳುವ ಒಪ್ಪಂದವಾಯಿತು. ಕಂಪೆನಿ ತನ್ನ ಪಾಲಿಗೆ ಕೆನರಾ, ವಯನಾಡು, ಕೊಯಮತ್ತೂರು ಮತ್ತು ಶ್ರೀರಂಗಪಟ್ಟಣದ ದ್ವೀಪವನ್ನು ಇಟ್ಟುಕೊಂಡಿತು. ಆ ಪ್ರದೇಶಗಳ ಕಂದಾಯದಿಂದ ಹೈದರ್ ಮತ್ತು ಟಿಪ್ಪು ಕುಟುಂಬಗಳ ಪೋಷಣೆಗೆ ವರ್ಷಕ್ಕೆ ಎರಡು ಲಕ್ಷ ಸ್ಟಾರ್ ಪಗೋಡಕ್ಕೆ ಕಡಿಮೆಯಿಲ್ಲದಂತೆ ಕೊಡುವುದಾಗಿ ಬರೆದುಕೊಟ್ಟಿತು. ಒಂದು ಪಗೋಡಕ್ಕೆ ಮೂರೂವರೆ ರೂಪಾಯಿಯಂತೆ ಅದು ಆ ಕಾಲದ ಏಳು ಲಕ್ಷ ರೂಪಾಯಿ.

ಕರಾವಳಿಯ ಓದುಗ ಸಹೋದರಿಯರೇ, ಈ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಕೆನರಾ ಎಂದರೆ ನಿಮ್ಮ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆಯ ನಾಡು. ಕಂಪೆನಿ ಆ ಪಿಂಚಣಿಗಾಗಿ ಲಂಡನ್ನಿನಿಂದ ಒಂದು ಕಾಸನ್ನೂ ತರಲಿಲ್ಲ. ನಿಮ್ಮ ಹಿರಿಯರು ಗದ್ದೆಗೆ, ತೋಟಕ್ಕೆ ಕಟ್ಟಿದ ತೀರ್ವೆಯೂ ಅದರಲ್ಲಿ ಸೇರಿತ್ತು. ದಾನ ಕೊಟ್ಟವರಂತೆ ಕಾಣಿಸಿಕೊಂಡವರು ಕಂಪೆನಿಯ ಸಾಹೇಬರು.

ಅದೇ ಒಪ್ಪಂದದಲ್ಲಿ ಇನ್ನೊಂದು ಶರತ್ತೂ ಇತ್ತು. ಈ ಕುಟುಂಬದವರಲ್ಲಿ ಯಾರಾದರೂ ಕಂಪೆನಿಯ ವಿರುದ್ಧ ತಲೆಯೆತ್ತಿದರೆ ಹಣವನ್ನು ಕಡಿತಗೊಳಿಸುವ, ಇಲ್ಲವೇ ಪೂರ್ತಿ ನಿಲ್ಲಿಸುವ ಹಕ್ಕು ಕಂಪೆನಿಗೆ. ಒಬ್ಬ ಹುಡುಗ ದುಡುಕಿದರೂ ಮನೆಮಂದಿಯ ಅನ್ನಕ್ಕೆ ಕುತ್ತು!

ಟಿಪ್ಪುವಿನ ಹಿರಿಯ ಮಕ್ಕಳನ್ನು ಅದೇ ವರ್ಷ ವೆಲ್ಲೂರು ಕೋಟೆಗೆ ಸಾಗಿಸಿದರು. ಜನಾನಾದ ಹೆಂಗಸರನ್ನು 1802ರಲ್ಲಿ ಕಳುಹಿಸಿದರು. ಅಲ್ಲಿ ತನ್ಖಾ ಹಂಚುವುದಕ್ಕೆಂದೇ ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು ಪೇಮಾಸ್ಟರನಾಗಿ ನೇಮಿಸಿದ್ದರು. ಥಾಮಸ್ ಮ್ಯಾರಿಯಟ್ ಎಂಬಾತ. 1806ರ ಜುಲೈ 10ರ ಬೆಳಗಿನ ಜಾವ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದು ಕೋಟೆಯ ಮೇಲೆ ಮೈಸೂರಿನ ಬಾವುಟ ಹಾರಿಸಿದರು. ಅದೇ ದಿನ ಆರ್ಕಾಟಿನಿಂದ ಬಂದ ಪಡೆ ದಂಗೆಯನ್ನು ಅಡಗಿಸಿತು. ದಂಗೆಯಲ್ಲಿ ಷಹಜಾದೆಗಳ ಕೈ ಎಷ್ಟಿತ್ತು ಎಂಬುದು ಇಂದಿಗೂ ಚರ್ಚೆಯ ವಿಷಯ. ಕಂಪೆನಿ ಮಾತ್ರ ಕಾಯಲಿಲ್ಲ. ಗಂಡುಮಕ್ಕಳನ್ನು ಹಡಗು ಹತ್ತಿಸಿ ಕಲ್ಕತ್ತಾಕ್ಕೆ ಕಳುಹಿಸಿತು. ಜನಾನಾದ ಬಹುಪಾಲು ಹೆಂಗಸರು ವೆಲ್ಲೂರಿನಲ್ಲಿಯೇ ಉಳಿದರು.

ಹೀಗೆ ಒಂದು ಪಿಂಚಣಿ ಎರಡು ಊರಿನ ಪಿಂಚಣಿಯಾಯಿತು. ಗಂಡುಮಕ್ಕಳು ಹೂಗ್ಲಿಯ ದಡದಲ್ಲಿ, ತಾಯಂದಿರು ಪಾಲಾರ್ ನದಿಯ ದಡದಲ್ಲಿ. ವೆಲ್ಲೂರಿಗೆ ಹೋದವರು ಅಲ್ಲಿಯ ದೊಡ್ಡ ಖಬರಸ್ತಾನವನ್ನು ನೋಡಿರಬಹುದು. ಹೈದರಲಿಯವರ ವಿಧವೆ ಬಕ್ಷಿ ಬೇಗಂ ಅಲ್ಲಿದ್ದಾರೆ, 1806ರಲ್ಲಿ ತೀರಿಕೊಂಡವರು. ಟಿಪ್ಪುವಿನ ಪತ್ನಿ ಪಾದಷಾ ಬೇಗಂ ಅಲ್ಲಿದ್ದಾರೆ, 1834ರಲ್ಲಿ ತೀರಿಕೊಂಡವರು. ಮೂವತ್ತೆರಡು ವರ್ಷ ಆ ತಾಯಿ ವೆಲ್ಲೂರಿನಲ್ಲಿ ಕಳೆದರು.

ಈಗ ಕೋಲ್ಕತ್ತಾಕ್ಕೆ ಬನ್ನಿ. ಎಸ್‌ಪ್ಲನೇಡ್ ಮೆಟ್ರೊ ನಿಲ್ದಾಣದಿಂದ ಮೇಲೆ ಹತ್ತಿ ಬಂದರೆ ಮೊದಲು ನಿಮಗೆ ಎದುರಾಗುವುದು ಗದ್ದಲ. ಬಸ್ಸುಗಳು, ಬೀದಿ ವ್ಯಾಪಾರಿಗಳು, ಕಿತ್ತಳೆ ರಸದವರು, ಮೊಬೈಲ್ ಕವರಿನವರು. ಆ ಗದ್ದಲದ ನಡುವೆ ಧರ್ಮತಲಾ ಬೀದಿಯ ಮೂಲೆಯಲ್ಲಿ ಸಾಲು ಗುಮ್ಮಟಗಳ ಮಸೀದಿಯೊಂದು ನಿಂತಿದೆ. ಬೀದಿಗೆ ಈಗ ಲೆನಿನ್ ಸರಣಿ ಎಂದು ಹೆಸರು, ಜನರ ಬಾಯಲ್ಲಿ ಮಾತ್ರ ಇನ್ನೂ ಧರ್ಮತಲಾ. ಯಾರನ್ನು ಕೇಳಿದರೂ "ಟಿಪ್ಪು ಸುಲ್ತಾನ್ ಮಸ್ಜಿದ್" ಎಂದು ಕೈತೋರಿಸುತ್ತಾರೆ. ಬಂಗಾಳಿ ಬಾಯಲ್ಲಿ ನಮ್ಮ ಟಿಪ್ಪುವಿನ ಹೆಸರು ಕೇಳಿದಾಗ, ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಊರಿನಿಂದ ಎರಡು ಸಾವಿರ ಕಿಲೋಮೀಟರ್ ಆಚೆ ಸಂಬಂಧಿಕರ ಮನೆ ಸಿಕ್ಕಂತೆ.

ಆದರೆ ಇದನ್ನು ಕಟ್ಟಿಸಿದ್ದು ಟಿಪ್ಪು ಸುಲ್ತಾನರಲ್ಲ. ಅವರ ಮಗ ಷಹಜಾದಾ ಗುಲಾಮ್ ಮುಹಮ್ಮದ್, 1842ರಲ್ಲಿ. ಶ್ರೀರಂಗಪಟ್ಟಣ ಬಿದ್ದಾಗ ಅವರಿಗೆ ನಾಲ್ಕು ವರ್ಷ. ಕಲ್ಕತ್ತಾಕ್ಕೆ ಕಳುಹಿಸುವಾಗ ಹನ್ನೊಂದು. ನಿಮ್ಮ ಮನೆಯಲ್ಲಿ ಐದನೆಯ ಕ್ಲಾಸಿಗೆ ಹೋಗುವ ಹುಡುಗನಿದ್ದರೆ ಅವನ ಮುಖವನ್ನೊಮ್ಮೆ ನೋಡಿ.

ನಮ್ಮವರು ಒಳಗೆ ಹೋಗಿ ಅಸರ್ ನಮಾಝ್ ಮುಗಿಸಿ ಬಂದ ಮೇಲೆ ನಾವಿಬ್ಬರೂ ಇಲ್ಲಿಯ ಪ್ರಸಿದ್ಧ ಶಾಸನದ ವಿಷಯ ಮಾತಾಡಿದೆವು. ಇಂಗ್ಲಿಷಿನಲ್ಲಿ ಕೊರೆದ ಆ ಫಲಕದ ಸಾರಾಂಶ ಹೀಗಿದೆ: ಲಾರ್ಡ್ ಆಕ್ಲೆಂಡರ ಆಡಳಿತ ಕಾಲದಲ್ಲಿ ಟಿಪ್ಪು ಸುಲ್ತಾನರ ಮಗ ಗುಲಾಮ್ ಮುಹಮ್ಮದ್ ಈ ಮಸೀದಿಯನ್ನು ಕಟ್ಟಿಸಿದರು. ಅಲ್ಲಾಹನಿಗೆ ಕೃತಜ್ಞತೆಯಾಗಿ, ಮತ್ತು ಕಂಪೆನಿಯ ಡೈರೆಕ್ಟರರು 1840ರಲ್ಲಿ ತಮಗೆ ತನ್ಖಾದ ಬಾಕಿಯನ್ನು ಮಂಜೂರು ಮಾಡಿದ ನೆನಪಿಗಾಗಿ.

ಪಿಂಚಣಿಯ ಬಾಕಿ! ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಮೂರು ವರ್ಷವಾಗಿತ್ತು. ಕಲ್ಕತ್ತಾದ ಈ ಪಿಂಚಣಿದಾರ ಬಾಕಿ ಹಣಕ್ಕಾಗಿ ಕಾದಿದ್ದರು, ಅದು ಲಂಡನ್ನಿನ ಮಂಜೂರಾತಿಯಿಂದ ಬಂತು, ಆಗ ಅಲ್ಲಾಹನ ಮನೆ ಕಟ್ಟಿಸಿದರು. ನಮ್ಮವರಿಗೆ ಆ ಮಾತು ಹಿಡಿಸಲಿಲ್ಲ. ತಂದೆಯನ್ನು ಕೊಂದವರಿಗೆ ಮಸೀದಿಯ ಗೋಡೆಯ ಮೇಲೆ ಥ್ಯಾಂಕ್ಸ್ ಹೇಳುವುದೇ ಎಂದರು. ನನಗೆ ಹಾಗೆನಿಸಲಿಲ್ಲ. ಕೃತಜ್ಞತೆ ಅಲ್ಲಾಹನಿಗೆ, ಡೈರೆಕ್ಟರರಿಗೆ ಬರೀ 'ನೆನಪು' ಎಂದು ಬರೆಸಿದ್ದಾರಲ್ಲ, ಆ ಎರಡು ಪದಗಳನ್ನು ಬೇರೆ ಬೇರೆ ಇಟ್ಟವನು ದಡ್ಡನಲ್ಲ ಎಂದೆ. ಇನ್ನೊಂದೂ ಹೊಳೆಯಿತು. ಬಾಕಿ ಎಂದು ಕಲ್ಲಿನಲ್ಲಿ ಕೊರೆಸಿದರೆ, ಇಷ್ಟು ದಿನ ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಂಡಿದ್ದಿರಿ ಎಂಬುದೂ ಕಲ್ಲಿನಲ್ಲೇ ಉಳಿಯಿತಲ್ಲ! ನಮ್ಮವರು ಇದನ್ನು ನನ್ನ ಕಲ್ಪನೆ ಎಂದರು. ಇರಬಹುದು.

ಬಾಡಿಗೆ, ಸಂಬಳ, ಪಿಂಚಣಿ, ಯಾವುದೇ ಇರಲಿ, ಬಾಕಿ ಬಂದ ದಿನ ಮನೆಯಲ್ಲಿ ಹೇಗಿರುತ್ತದೆಂದು ಹೆಂಗಸರಾದ ನಮಗೆ ಗೊತ್ತು. ಸಾಲದವನ ಮುಖ ನೆನಪಾಗುತ್ತದೆ, ಮಗಳ ಫೀಸು ನೆನಪಾಗುತ್ತದೆ. ಆ ಬಾಕಿಯ ನೆನಪಿಗೆ ಊರಿನ ನಟ್ಟನಡುವೆ ಮಸೀದಿ ಕಟ್ಟಿಸಬೇಕೆಂದು ಹೊಳೆದದ್ದು ದೊಡ್ಡ ವಿಷಯವೇ. 1980ರ ದಶಕದಲ್ಲಿ ಮೆಟ್ರೊ ಸುರಂಗ ತೋಡುವಾಗ ಮಸೀದಿಗೆ ಹಾನಿಯಾಗಿತ್ತು. ಆಮೇಲೆ ದುರಸ್ತಿಯಾಯಿತು.

ಮರುದಿನ ಟಾಲಿಗಂಜಿಗೆ ಹೋದೆವು. ಷಹಜಾದೆಗಳನ್ನು ಇಟ್ಟಿದ್ದು ಈ ಕಡೆ. ಆಗ ಇದು ಊರಾಚೆಯ ಜೌಗು ನೆಲ, ರಸಾಪಗ್ಲಾ ಎಂದು ಹೆಸರು. ಅವರನ್ನು ನೋಡಿಕೊಳ್ಳಲು, ಅಂದರೆ ತನ್ಖಾ ಕೊಡಲು ಮತ್ತು ಕಣ್ಣಿಡಲು, ಕಂಪೆನಿ 'ಮೈಸೂರು ಪ್ರಿನ್ಸ್‌ಗಳ ಸೂಪರಿಂಟೆಂಡೆಂಟ್' ಎಂಬ ಅಧಿಕಾರಿಯನ್ನೇ ಇಟ್ಟಿತ್ತು. ಈಗ ಮೆಟ್ರೊದಲ್ಲಿ ಇಳಿಯಬೇಕಾದ ನಿಲ್ದಾಣಕ್ಕೆ ಸಿನಿಮಾ ನಟ ಉತ್ತಮ್ ಕುಮಾರರ ಹೆಸರು. ಆದರೆ ರಸ್ತೆಗಳ ಫಲಕ ಓದುತ್ತಾ ಹೋಗಿ: ಪ್ರಿನ್ಸ್ ಅನ್ವರ್ ಶಾ ರಸ್ತೆ, ಪ್ರಿನ್ಸ್ ಗುಲಾಮ್ ಮುಹಮ್ಮದ್ ಶಾ ರಸ್ತೆ, ಪ್ರಿನ್ಸ್ ಬಖ್ತಿಯಾರ್ ಶಾ ರಸ್ತೆ. ನಮ್ಮ ಶ್ರೀರಂಗಪಟ್ಟಣದ ಮೊಮ್ಮಕ್ಕಳು, ಮರಿಮೊಮ್ಮಕ್ಕಳು ಬಂಗಾಳದ ಬೀದಿಗಳಾಗಿ ಉಳಿದಿದ್ದಾರೆ. ಗುಲಾಮ್ ಮುಹಮ್ಮದರು ಕಟ್ಟಿಸಿದ, ಧರ್ಮತಲಾದ್ದನ್ನೇ ಹೋಲುವ ಇನ್ನೊಂದು ಮಸೀದಿ ಇಲ್ಲಿದೆ. ಅಲ್ಲಿ ಜನಸಂದಣಿ ಕಡಿಮೆ, ನೆರಳಿದೆ. ನಾನು ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆ.

ಗುಲಾಮ್ ಮುಹಮ್ಮದರು ಸುಮ್ಮನೆ ಕೂತು ತಿಂದವರಲ್ಲ. ವಿಲಾಯತಿಗೆ ಹೋಗಿ ರಾಣಿಯನ್ನು ಕಂಡರು. ತಾತ ಮತ್ತು ತಂದೆಯ ಚರಿತ್ರೆಯ ಒಂದು ಇಂಗ್ಲಿಷ್ ಪುಸ್ತಕವನ್ನು ತಿದ್ದಿ 1855ರಲ್ಲಿ ಪ್ರಕಟಿಸಿದರು. ಬ್ರಿಟಿಷರು ಬರೆದ ಪುಸ್ತಕಗಳಲ್ಲಿ ತಂದೆಯನ್ನು ರಾಕ್ಷಸನಂತೆ ಚಿತ್ರಿಸುತ್ತಿದ್ದ ಕಾಲದಲ್ಲಿ ಅವರ ತನ್ಖಾ ತಿನ್ನುತ್ತಲೇ ಮಗ ಮಾಡಿದ ಕೆಲಸವಿದು. 1872ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನು ಮಸೀದಿಗಳಿಗಾಗಿ ವಕ್ಫ್ ಮಾಡಿಟ್ಟರು. ಆ ವಕ್ಫ್ ಇಂದಿಗೂ ಇದೆ. ಆದರೆ ವಂಶದ ಇನ್ನೊಂದು ಕೊಂಬೆಯಲ್ಲಿ ರಿಕ್ಷಾ ತುಳಿಯುವವರು, ಸಣ್ಣಪುಟ್ಟ ಕೆಲಸ ಮಾಡುವವರು ಇದ್ದಾರೆ ಎಂಬ ವರದಿಗಳನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಪಿಂಚಣಿ ಹೊಟ್ಟೆ ತುಂಬಿಸಿತು, ನಿಜ. ದುಡಿಯಲು, ವ್ಯಾಪಾರ ಮಾಡಲು, ಹುದ್ದೆ ಹಿಡಿಯಲು ಕಲಿಸಲಿಲ್ಲ. ಕಾವಲಿನಲ್ಲಿಟ್ಟವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಕೋಲ್ಕತ್ತಾದಲ್ಲಿ ಪಿಂಚಣಿಯ ಇನ್ನೊಂದು ಅರಮನೆಯೂ ಇದೆ. ಮೂರನೆಯ ದಿನ ಮಟಿಯಾಬುರ್ಜಿಗೆ ಹೋದೆವು. ಹೂಗ್ಲಿಯ ದಡದ ಈ ಪ್ರದೇಶ ಈಗ ದರ್ಜಿಗಳ ಊರು. ಗಲ್ಲಿಗಲ್ಲಿಯಲ್ಲೂ ಹೊಲಿಗೆ ಯಂತ್ರದ ಸದ್ದು, ಬಾಗಿಲಲ್ಲಿ ಮಕ್ಕಳ ಬಟ್ಟೆಗಳ ರಾಶಿ. ಅವಧ್‌ನ ಕೊನೆಯ ನವಾಬ ವಾಜಿದ್ ಅಲಿ ಶಾ 1856ರಲ್ಲಿ ರಾಜ್ಯ ಕಳೆದುಕೊಂಡು ಬಂದು ನೆಲೆಸಿದ್ದು ಇಲ್ಲಿ. ರಾಜ್ಯ ಒಪ್ಪಿಸಿ ಸಹಿ ಮಾಡಿದರೆ ಪಿಂಚಣಿ ಎಂದರು ಬ್ರಿಟಿಷರು. ನವಾಬ ಸಹಿ ಮಾಡಲಿಲ್ಲ. 1857ರ ದಂಗೆಯ ಕಾಲದಲ್ಲಿ ಅವರನ್ನು ಫೋರ್ಟ್ ವಿಲಿಯಂನಲ್ಲಿ ಕೂಡಿಹಾಕಿದರು. ಬಿಡುಗಡೆಯಾದ ಮೇಲೆ ಬೇರೆ ದಾರಿ ಕಾಣದೆ ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿಗೆ ಒಪ್ಪಿಕೊಂಡರು. 1887ರಲ್ಲಿ ತೀರಿಕೊಂಡರು. ಅವರ ಸಮಾಧಿ ಸಿಬ್ತೈನಾಬಾದ್ ಇಮಾಮ್‌ಬಾಡಾದಲ್ಲಿದೆ. ಅವರ ನಂತರ ಅರಮನೆಗಳು, ಮೃಗಾಲಯ ಎಲ್ಲ ಹಂಚಿಹೋದವು.

ಕೋಲ್ಕತ್ತಾದ ಬಿರಿಯಾನಿಯಲ್ಲಿ ಇಡೀ ಆಲೂಗಡ್ಡೆ ಹಾಕುತ್ತಾರಲ್ಲ, ಅದಕ್ಕೂ ಈ ಪಿಂಚಣಿಯೇ ಕಾರಣ ಎಂಬ ಕತೆಯಿದೆ. ಹಣ ಸಾಲದೆ ಮಾಂಸ ಕಡಿಮೆ ಮಾಡಿ ಆಲೂಗಡ್ಡೆ ಸೇರಿಸಿದರಂತೆ. ತಿಂಗಳಿಗೆ ಲಕ್ಷ ರೂಪಾಯಿ ಬರುತ್ತಿದ್ದ ಮನೆಯಲ್ಲಿ ಮಾಂಸಕ್ಕೆ ಬರವೇ? ಆಗ ಆಲೂಗಡ್ಡೆ ಹೊಸ ತರಕಾರಿ, ಅದನ್ನು ಹಾಕುವುದೇ ಷೋಕಿಯಾಗಿತ್ತು ಎನ್ನುವವರೂ ಇದ್ದಾರೆ. ಅಡುಗೆ ಬಲ್ಲವಳಾಗಿ ನಾನು ಎರಡನೆಯವರ ಕಡೆ. ಆ ಆಲೂಗಡ್ಡೆ ಯಖ್ನಿಯನ್ನೆಲ್ಲ ಕುಡಿದು ಎಷ್ಟು ರುಚಿಯಾಗಿರುತ್ತದೆಂದರೆ, ಅದನ್ನು ಬಡತನದ ಅಡುಗೆ ಎನ್ನಲು ಬಾಯಿ ಬರುವುದಿಲ್ಲ.

ಈ ಮನೆತನದ ಇಬ್ಬರು ಹೆಂಗಸರನ್ನು ನಾವು ನೆನೆಯಲೇಬೇಕು. ಒಬ್ಬರು ವಾಜಿದ್ ಅಲಿ ಶಾರ ತಾಯಿ ಮಲಿಕಾ ಕಿಶ್ವರ್. ಮಗನ ರಾಜ್ಯವನ್ನು ಮರಳಿ ಕೇಳಲು ಆ ಪರ್ದಾನಶೀನ್ ತಾಯಿ 1856ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದರು. 1857ರ ಜುಲೈಯಲ್ಲಿ ವಿಕ್ಟೋರಿಯಾ ರಾಣಿಯ ಭೇಟಿಯೂ ಆಯಿತು. ಆದರೆ ಅಷ್ಟರಲ್ಲಿ ಲಕ್ನೋ ಹೊತ್ತಿ ಉರಿಯುತ್ತಿತ್ತು, ಯಾರೂ ಅವರ ಅಹವಾಲು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮರಳುವ ದಾರಿಯಲ್ಲಿ 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅಲ್ಲಿಯ ಪೇರ್ ಲಾಶೇಸ್ ಸ್ಮಶಾನದಲ್ಲಿ ದಫನವಾದರು. ಇನ್ನೊಬ್ಬರು ಬೇಗಂ ಹಜ್ರತ್ ಮಹಲ್. ಲಕ್ನೋದಲ್ಲಿ ದಂಗೆಯ ನಾಯಕತ್ವ ವಹಿಸಿದ ಈಕೆಗೂ ಪಿಂಚಣಿಯ ಆಮಿಷ ಬಂತು. ಬೇಡವೆಂದರು. ನೇಪಾಳಕ್ಕೆ ಹೋಗಿ 1879ರಲ್ಲಿ ಕಠ್ಮಂಡುವಿನಲ್ಲಿ ಪ್ರಾಣ ಬಿಟ್ಟರು. ಎಲ್ಲರೂ ಪಿಂಚಣಿಗೆ ಬಾಗಲಿಲ್ಲ ಎಂದು ಹೇಳಲು ನಮ್ಮವರು ಈ ಹೆಸರನ್ನು ಎತ್ತುತ್ತಾರೆ. ನಾನು ತಕರಾರು ಮಾಡುವುದಿಲ್ಲ. ಆದರೆ ಅವರಿಗಿದ್ದದ್ದು ಒಬ್ಬನೇ ಮಗ. ಶ್ರೀರಂಗಪಟ್ಟಣದ ಆರುನೂರು ಹೆಂಗಸರು ಬೇಡವೆಂದು ಎಲ್ಲಿಗೆ ಹೋಗಬೇಕಿತ್ತು?

ಅವಧ್‌ನಲ್ಲಿ ಪಿಂಚಣಿಯ ಮತ್ತೊಂದು ಬಗೆಯೂ ಇತ್ತು. ಅದಕ್ಕೆ ವಸೀಕಾ ಎಂದು ಹೆಸರು. ಇಲ್ಲಿ ಕತೆ ತಿರುಗಾಮುರುಗಾ: ನವಾಬರೇ ಕಂಪೆನಿಗೆ ಸಾಲ ಕೊಟ್ಟವರು. 1825ರಲ್ಲಿ ಗಾಜಿಉದ್ದೀನ್ ಹೈದರ್ ಬರ್ಮಾ ಯುದ್ಧದ ಖರ್ಚಿಗೆ ಒಂದು ಕೋಟಿ ರೂಪಾಯಿ ಕೊಟ್ಟರು. ಅಸಲನ್ನು ಮರಳಿ ಕೇಳುವಂತಿಲ್ಲ. ಶೇಕಡಾ 5ರಂತೆ ಬರುವುದನ್ನು ಅವರು ಹೇಳಿದವರಿಗೆ ಶಾಶ್ವತವಾಗಿ ಕೊಡುತ್ತಿರಬೇಕು. ಆ ಪತ್ರದಲ್ಲಿ ಹೆಂಗಸರ ಹೆಸರು ಹೆಸರಾಗಿಯೇ ಇದೆ. ಮುಬಾರಕ್ ಮಹಲ್‌ಗೆ ತಿಂಗಳಿಗೆ 10,000 ರೂಪಾಯಿ, ಸುಲ್ತಾನ್ ಮರ್ಯಮ್ ಬೇಗಂಗೆ 2,500, ಮುಮ್ತಾಜ್ ಮಹಲ್‌ಗೆ 1,100, ಸರ್ಫರಾಜ್ ಮಹಲ್‌ಗೆ 1,000. ಸರ್ಫರಾಜ್ ಮಹಲ್‌ನ ಆಳುಕಾಳುಗಳಿಗೂ ಸೇರಿ 929 ರೂಪಾಯಿ. ಅವರ ನಂತರ ಮೂರರಲ್ಲಿ ಎರಡು ಪಾಲು ನಜಫ್ ಮತ್ತು ಕರ್ಬಲಾದ ಉಲಮಾಗಳಿಗೆ ಹೋಗಬೇಕು, ಮರಣಪತ್ರ ಬರೆಯದೆ ಸತ್ತರೆ ಪೂರ್ತಿ ಅಲ್ಲಿಗೇ ಎಂದೂ ಇತ್ತು.

ಲಕ್ನೋದ ಹುಸೇನಾಬಾದಿನಲ್ಲಿ ವಸೀಕಾ ಕಚೇರಿ ಇದೆ. ಬೇರೆ ಬೇರೆ ನವಾಬರು, ಬೇಗಮರು ಇಟ್ಟ ಹಣದ ಬಾಬತ್ತು ಅವರ ವಂಶಸ್ಥರು ಇತ್ತೀಚಿನ ವರ್ಷಗಳವರೆಗೂ ಅಲ್ಲಿ ಪಡೆಯುತ್ತಾ ಬಂದಿದ್ದಾರೆ. ಎಷ್ಟು ಗೊತ್ತೇ? ಕೆಲವರಿಗೆ ಹತ್ತು ರೂಪಾಯಿಯೂ ಇಲ್ಲ! ಒಂದು ಲೆಕ್ಕ ಹಾಕಿ ನೋಡಿ. ನೂರು ರೂಪಾಯಿ ಪಡೆಯುತ್ತಿದ್ದವನು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಹೋದನೆನ್ನಿ. ಹೆಂಡತಿಗೆ ಎಂಟರಲ್ಲೊಂದು, ಹನ್ನೆರಡೂವರೆ ರೂಪಾಯಿ. ಉಳಿದದ್ದರಲ್ಲಿ ಮಗನಿಗೆ 43 ರೂಪಾಯಿ 75 ಪೈಸೆ, ಹೆಣ್ಣುಮಕ್ಕಳಿಗೆ ತಲಾ 21 ರೂಪಾಯಿ 87 ಪೈಸೆ ಚಿಲ್ಲರೆ. ಇದನ್ನು ಏಳೆಂಟು ತಲೆಮಾರು ಹಂಚುತ್ತಾ ಬನ್ನಿ. ಆಟೋ ಬಾಡಿಗೆಯೂ ಹುಟ್ಟದ ಆ ಚಿಲ್ಲರೆಗಾಗಿ ಮುದುಕರು ಕಚೇರಿಗೆ ಬರುತ್ತಾರೆ. ಹಣಕ್ಕಲ್ಲ, ರಿಜಿಸ್ಟರಿನಲ್ಲಿ ತಮ್ಮ ಹೆಸರು ಉಳಿಯಲೆಂದು.

ಇನ್ನು ನಿಮ್ಮ ಮನೆಯಲ್ಲೂ ಇಂಥ ಮಾತೊಂದು ಇದ್ದರೆ ಹುಡುಕುವುದು ಎಲ್ಲಿ? ಹಳೆಯ ಮೈಸೂರಿನ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ 'ನಮ್ಮವರು ಸುಲ್ತಾನರ ಫೌಜಿನಲ್ಲಿದ್ದರು' ಎಂಬ ಮಾತಿದೆ. 1799ರ ನಂತರ ಸರದಾರರ ಕುಟುಂಬಗಳಿಗೂ ಪಿಂಚಣಿ ಗೊತ್ತುಮಾಡಿದ್ದರಿಂದ ಅದೆಲ್ಲ ಬರೀ ಜಂಬದ ಮಾತಾಗಿರಬೇಕಿಲ್ಲ. ನಾನು ಕೋಲ್ಕತ್ತಾದಲ್ಲಿ ಕೇಳಿ ತಿಳಿದುಕೊಂಡದ್ದು ಇಷ್ಟು. ವೆಲ್ಲೂರಿನ ವಿಷಯ ಮದರಾಸು ಸರ್ಕಾರದ ಕೈಯಲ್ಲಿತ್ತಾದ್ದರಿಂದ ಅದರ ಕಾಗದಗಳನ್ನು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಹುಡುಕಬೇಕು. ಕಲ್ಕತ್ತಾದ ಷಹಜಾದೆಗಳ ವಿಷಯವನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶಾಂಗ ಇಲಾಖೆಯ ಕಡತಗಳಲ್ಲಿ. ಕಂಪೆನಿ ಲಂಡನ್ನಿಗೆ ಕಳುಹಿಸಿದ ಪ್ರತಿಗಳು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಹುಡುಕಬಹುದು. ಮಕ್ಕಳ ಕೈಯಲ್ಲಿ ಮಾಡಿಸಿ, ಅವರ ಮೊಬೈಲಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಂತಾಗುತ್ತದೆ. ಹೆಸರಿನ ಕಾಗುಣಿತದ ಬಗ್ಗೆ ಮಾತ್ರ ಎಚ್ಚರವಿರಲಿ. ಆ ಸಾಹೇಬರು ಕಿವಿಗೆ ಕೇಳಿದಂತೆ ಬರೆದವರು. ಗುಲಾಮ್ ಎಂಬುದು ಗೋಲಾಮ್ ಆಗಿರುತ್ತದೆ, ಟಿಪ್ಪು ಎಂಬುದು ನಾಲ್ಕು ಬಗೆಯಾಗಿರುತ್ತದೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಪಿಂಚಣಿ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಸಾಲಗಾರ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ, ಪಡೆಯುವವರು ಮುಂದೆ ಬರಲಿರುವ ಪಿಂಚಣಿಯನ್ನು ಬೇರೆಯವರಿಗೆ ಮಾರುವಂತಿಲ್ಲ. ಒಳ್ಳೆಯದೇ. ಆದರೆ ಪಿಂಚಣಿ ಸಿಗದಿದ್ದರೆ ನೇರವಾಗಿ ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ. ಮೊದಲು ಕಲೆಕ್ಟರರ ಬಳಿ ಹೋಗಬೇಕು, ಅವರು ಸರ್ಟಿಫಿಕೇಟು ಕೊಟ್ಟರೆ ಮಾತ್ರ ಕೋರ್ಟು. ಇದರಿಂದ ನಮಗೆ ಒಂದು ಲಾಭವಿದೆ. ಹಾಗೆ ಕಲೆಕ್ಟರರಿಗೆ ಬರೆದ ಅರ್ಜಿಗಳಲ್ಲಿ ತಾನು ಯಾರ ಮಗಳು, ಯಾರ ವಿಧವೆ ಎಂದು ಜನ ಹೇಳಿಕೊಳ್ಳಲೇಬೇಕಿತ್ತು. ಜಗಳವಾದ ಮನೆಗಳ ವಂಶಾವಳಿ ಸಿಗುವ ಸಾಧ್ಯತೆ ಹೆಚ್ಚು. ಜಗಳವಾಡದೆ ಸುಮ್ಮನಿದ್ದ ಮನೆಗಳದ್ದು ಕಡಿಮೆ.

ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು. ಹೆಸರು, ಊರು, ಯಾರ ಮನೆಗೆ ಕೊಟ್ಟಿದ್ದರು, ಎಲ್ಲಿ ದಫನ ಮಾಡಿದರು. ಇದನ್ನು ನಾನು ಮಾಡಿದ್ದು ಕೋಲ್ಕತ್ತಾದಿಂದ ಬಂದ ಮೇಲೆ, ಅಂದರೆ ತಲೆಕೆಳಗಾಗಿ.

ಅಮ್ಮಿ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದರು. ಮಸೀದಿಯ ಫೋಟೊ ತೋರಿಸಿದೆ, ಶಾಸನದ ಅರ್ಥ ಹೇಳಿದೆ. ಬಾಕಿ ಎಷ್ಟು ವರ್ಷದ್ದು ಎಂದು ಕೇಳಿದರು, ಅದನ್ನು ಕಲ್ಲಿನಲ್ಲಿ ಬರೆದಿಲ್ಲ ಎಂದೆ. ಮಾಮುವೂ ಬಂದಿದ್ದರು. ನಾವು ಷಹಜಾದೆಗಳ ಕಡೆಯವರೆಂದು ಗೊತ್ತಾಯಿತೇ ಎಂದು ಆತುರಪಟ್ಟರು. ವೆಲ್ಲೂರಿನ ಪಟ್ಟಿ ನೋಡಬೇಕು ಮಾಮು, ಅದು ಮದರಾಸಿನಲ್ಲಿದೆ, ಈದ್ ಕಳೆದ ಮೇಲೆ ಹೋಗುತ್ತೇನೆ ಎಂದೆ. ಹೋಗಿ ಬರುವ ಖರ್ಚು ತಾವೇ ಕೊಡುವುದಾಗಿ ಹೇಳಿದರು. ರೊಟ್ಟಿ ತಟ್ಟುವವರ ಪಟ್ಟಿಯಲ್ಲಿ ಸಿಕ್ಕರೆ ಮದುವೆ ಮನೆಗಳಲ್ಲಿ ಅದನ್ನೂ ಹೇಳಬೇಕು ಎಂದು ಅಮ್ಮಿ ಕಟ್ಟು ಹಾಕಿದರು. ಮಾಮು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆಯ್ತು ಎಂದರು.

ನಾನು ನೋಟ್‌ಬುಕ್ ತೆಗೆದು, "ಅಮ್ಮಿ, ತನ್ಖಾ ಬರುತ್ತಿತ್ತಲ್ಲ, ನಿಮ್ಮ ನಾನಿಯ ನಾನಿ, ಅವರ ಹೆಸರು ಹೇಳಿ" ಎಂದೆ.

ಅಮ್ಮಿ ಕೈಯಲ್ಲಿದ್ದ ಹುಣಸೆಬೀಜವನ್ನು ಪಕ್ಕಕ್ಕಿಟ್ಟು ಯೋಚಿಸಿದರು. ಮಾಮುವಿನ ಮುಖ ನೋಡಿದರು. ಮಾಮುವಿಗೂ ಗೊತ್ತಿರಲಿಲ್ಲ.

"ವೆಲ್ಲೂರ್‌ವಾಲಿ ನಾನಿ ಅಂತಲೇ ಎಲ್ಲರೂ ಕರೀತಿದ್ದರಂತೆ," ಎಂದರು. "ಹೆಸರನ್ನ ಯಾರೂ ಹೇಳಲಿಲ್ಲ ಕಣೇ."